ಹೆಡ್‌ಸೆಟ್ಟಿನಲ್ಲಿ ಮೂರು ಪ್ರದಕ್ಷಿಣೆ

ವರ್ಚುವಲ್ ರಿಯಾಲಿಟಿಯಲ್ಲಿ ತಲೆಸುತ್ತು ಬಾರದ ಹಾಗೆ ಮಾಡುವುದು ಹೇಗೆ ಎಂದು ಈಗ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳಿದವರ ತಪ್ಪಲ್ಲ. ಕಾಲೇಜುಗಳಿಗೆ ಹೋದಾಗ ಮಕ್ಕಳು ಕೇಳಿಯೇ ಕೇಳುತ್ತಾರೆ, ನಾನು ಹಲ್ಲು ಕಚ್ಚಿಕೊಂಡು ಉತ್ತರ ಹೇಳುತ್ತೇನೆ. ಚಿತ್ರ ತಡವರಿಸಬಾರದು, ನೋಟ ಸುತ್ತುತ್ತಾ ಹೋಗಬಾರದು, ನೋಡುವವರ ಹೊಟ್ಟೆ ಖಾಲಿ ಇರಬಾರದು, ಒಮ್ಮೆಗೆ ಹೆಚ್ಚು ಹೊತ್ತು ನೋಡಬಾರದು. ಇಷ್ಟು ಹೇಳಿ ಮಾತು ಬದಲಿಸುತ್ತೇನೆ. ಇದರಲ್ಲಿ ಮೊದಲನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮುರಿಯಲೇಬೇಕಾದ ಒಂದು ಕೆಲಸ ನಮ್ಮ ಪಾಲಿಗೆ ಬಂದಿತ್ತು ಎಂದು ಅವರಿಗೆ ಹೇಳಲು ಹೋಗುವುದಿಲ್ಲ.

ನಮ್ಮ ಆಫೀಸು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲೆ. ನಾನು ಮತ್ತು ನನ್ನ ಪಾಲುದಾರ, ಇಬ್ಬರೇ. ಕಾಲೇಜುಗಳಿಗೆ ವಿಆರ್ ಪಾಠ ಮಾಡಿಕೊಡುತ್ತೇವೆ. ಹೃದಯದ ಒಳಗೆ ಹೊಕ್ಕು ನೋಡುವುದು, ಇಂಜಿನ್ ಬಿಚ್ಚುವುದು, ಅಂಥವು. ಒಂದು ಕಾಲೇಜಿನ ಪ್ರದರ್ಶನದಲ್ಲಿ ಇದನ್ನು ನೋಡಿದ ಒಬ್ಬರು ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದರು. ಬೆಳ್ತಂಗಡಿಯ ಆಚೆ, ಕಕ್ಕಿಂಜೆಯಿಂದ ಒಳಗೆ ಹೋಗುವ ಕಡೆ ಅವರ ಮನೆ. ಅಲ್ಲಿನ ಜೈನ ಬಸದಿಯ ಆಡಳಿತ ನೋಡುವ ಮೊಕ್ತೇಸರರು ಅವರೇ. ಕೊಟ್ಟ ಚಹಾ ಮುಟ್ಟದೆ ನೇರ ವಿಷಯಕ್ಕೆ ಬಂದರು.

"ನನ್ನ ಅಮ್ಮ ಊಟ ಮಾಡ್ತಾ ಇಲ್ಲ ಮೇಡಂ. ನಿಮ್ಮಿಂದ ಎಂತಾದ್ರೂ ಆಗ್ತದಾ?"

ಡಾಕ್ಟರರ ಹತ್ತಿರ ಹೇಳಬೇಕಾದ್ದನ್ನು ನಮ್ಮ ಹತ್ತಿರ ಯಾಕೆ ಹೇಳುತ್ತಾರೆ ಎಂದು ಪಾಲುದಾರ ನನ್ನ ಮುಖ ನೋಡಿದ. ಆಮೇಲೆ ಅವರು ಬಿಡಿಸಿ ಹೇಳಿದರು. ಅಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷ ಒಂದು ನೇಮ ಹಿಡಿದಿದ್ದರು. ದಿನಾ ಬೆಳಿಗ್ಗೆ ಬಸದಿಗೆ ಹೋಗಿ ಮೂರು ಪ್ರದಕ್ಷಿಣೆ ಬರಬೇಕು, ಅದಾಗದೆ ಅನ್ನ ಬಾಯಿಗೆ ಇಡುವುದಿಲ್ಲ. ಹೆರಿಗೆ, ಜ್ವರ, ಸಾವು, ಎಲ್ಲದರ ನಡುವೆ ಹೇಗೋ ನಡೆಸಿಕೊಂಡು ಬಂದರು. ಆಗದ ದಿನ ಉಪವಾಸ. ಈಗ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿದೆ, ತಲೆಗೂ ಪೆಟ್ಟಾಗಿದೆ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಗ್ಲೂಕೋಸ್ ಬಾಟಲಿಯಲ್ಲಿ ನಡೆಯಿತು. ಮನೆಗೆ ಬಂದ ಮೇಲೆ ಗಂಜಿಯ ತಿಳಿ ಮತ್ತು ಎಳನೀರು ಬಿಟ್ಟರೆ ಬೇರೆ ಯಾವುದೂ ಇಲ್ಲ.

"ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದೆ.

"ಬಸದಿ ಇರುದು ಬಂಡೆಯ ಮೇಲೆ. ಮೆಟ್ಟಿಲು ಕಡಿದಾಗಿ ಉಂಟು. ಮೂಳೆ ಬಿಸ್ಕೆಟಿನ ಹಾಗೆ ಆಗಿದೆ, ಅಲುಗಾಡಿಸ್ಲೇಬೇಡಿ ಅಂದಿದ್ದಾರೆ ಡಾಕ್ಟ್ರು."

ಬಸದಿಯ ಪೂಜೆ ಮಾಡುವ ಇಂದ್ರರು ಮನೆಗೇ ಬಂದು, ರೋಗದಲ್ಲಿ ನೇಮಕ್ಕೆ ವಿನಾಯಿತಿ ಉಂಟು ಎಂದು ಹೇಳಿದರಂತೆ. ಅದು ನಿಮ್ಮ ಗ್ರಂಥದಲ್ಲಿ ಇರಬಹುದು, ನಾನು ಬಾಯಿಬಿಟ್ಟು ಹೇಳಿದ್ದರಲ್ಲಿ ಇಲ್ಲ ಎಂದು ಅಮ್ಮ ಉತ್ತರ ಕೊಟ್ಟರಂತೆ. ಮನಸ್ಸಿನಲ್ಲೇ ಸುತ್ತು ಬನ್ನಿ, ಭಾವವೇ ಮುಖ್ಯ ಎಂದದ್ದಕ್ಕೆ, ಕಣ್ಣು ಮುಚ್ಚಿದರೆ ಆಸ್ಪತ್ರೆಯ ಸೀಲಿಂಗ್ ಫ್ಯಾನ್ ಕಾಣುತ್ತದೆ, ಬಸದಿ ಕಾಣುವುದಿಲ್ಲ ಎಂದರಂತೆ. ಅಲ್ಲಿಂದ ಮೊಕ್ತೇಸರರಿಗೆ ನಮ್ಮ ಹೆಡ್‌ಸೆಟ್ಟಿನ ನೆನಪಾಯಿತು. ಇಂದ್ರರೂ ಒಪ್ಪಿದರು. ಅಮ್ಮ, "ಬಸದಿ ಕಂಡರೆ, ಸುತ್ತು ಪೂರ್ತಿ ಆದರೆ, ಆಗ ಉಣ್ತೇನೆ" ಎಂದು ಮಾತು ಕೊಟ್ಟರು.

ಇಷ್ಟು ಕೇಳಿ ನನಗೆ ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ? ಬಸದಿಯನ್ನು ಸ್ಕ್ಯಾನ್ ಮಾಡುವುದು, ಒಳಗೆ ಕ್ಯಾಮೆರಾ ಸುತ್ತಿಸುವುದು, ನಮಗೆ ಇದೇನು ಮಹಾ. ವಾರದೊಳಗೆ ಮುಗಿಸುತ್ತೇವೆ ಎಂದು ಹೇಳಿಬಿಟ್ಟೆ.

ಸ್ಕ್ಯಾನಿಗೆ ಹೋದ ದಿನವೇ ಇಂದ್ರರು ಪಾಲುದಾರನನ್ನು ಬಾಗಿಲಲ್ಲಿ ತಡೆದರು. "ಆ ಬೆಲ್ಟ್ ಚರ್ಮದ್ದಾ? ಹೊರಗೆ ಇಡಿ." ಬೆಲ್ಟ್ ಹೋಯಿತು, ಪರ್ಸ್ ಹೋಯಿತು, ಕ್ಯಾಮೆರಾದ ಪಟ್ಟಿಯೂ ಹೋಯಿತು. ಅವನು ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಸ್ಕ್ಯಾನರ್ ಹಿಡಿದುಕೊಂಡು ಇಡೀ ಸುತ್ತುದಾರಿ ನಡೆದ. ಗರ್ಭಗುಡಿಯ ಒಳಗೆ ನಾವು ಹೋಗುವ ಹಾಗಿಲ್ಲ. ಇಂದ್ರರೇ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕ್ಯಾಮೆರಾ ಹಿಡಿದು ಮೂರ್ತಿಯ ಫೋಟೋ ತೆಗೆದುಕೊಟ್ಟರು. ಕೈ ನಡುಗದ ಹಾಗೆ ಉಸಿರು ಹಿಡಿದುಕೊಂಡಿದ್ದರು, ಪಾಪ. ಅಷ್ಟು ಚೆನ್ನಾದ ಸ್ಕ್ಯಾನ್ ನಾವು ಅದಕ್ಕೆ ಮೊದಲು ಮಾಡಿರಲಿಲ್ಲ. ಕಲ್ಲಿನ ಮೇಲಿನ ಎಣ್ಣೆಯ ಜಿಡ್ಡು ಕೂಡ ಹೊಳೆಯುತ್ತಿತ್ತು.

ಮೊದಲ ಸಲ ತೊಡಿಸಿದ್ದು ಅವರ ಮನೆಯ ಚಾವಡಿಯಲ್ಲಿ, ತಲೆಯ ಕಡೆ ಅರ್ಧ ಎತ್ತಿದ ಆಸ್ಪತ್ರೆ ಮಂಚದಲ್ಲಿ. ಅಮ್ಮ ನಾನು ಅಂದುಕೊಂಡದ್ದಕ್ಕಿಂತ ಸಣ್ಣಗಿದ್ದರು. ಕೈಬಳೆ ಮೊಣಕೈ ತನಕ ಜಾರುತ್ತಿತ್ತು. ಹೆಡ್‌ಸೆಟ್ಟಿನ ಪಟ್ಟಿ ಬಿಗಿ ಮಾಡಿ ಮಾಡಿ ಕೊನೆಗೆ ತಲೆಯ ಹಿಂದೆ ಟವೆಲ್ ಮಡಿಸಿ ಇಟ್ಟೆ. ಬಸದಿಯ ಬಾಗಿಲು ಕಂಡದ್ದೇ ಅವರು ಎರಡೂ ಕೈ ಜೋಡಿಸಿದರು.

"ಅಯ್ಯೋ, ಬಾಗಿಲಿನ ತೋರಣ ಒಣಗಿದೆ. ಯಾರೂ ಬದಲಿಸ್ಲಿಲ್ವಾ?" ಎಂದು ಮಗನನ್ನು ಬೈದರು. ನಾವೆಲ್ಲ ನಕ್ಕೆವು.

ಪಾಲುದಾರ ನೋಟವನ್ನು ಮುಂದೆ ಚಲಾಯಿಸಿದ. ನೇರ ದಾರಿ ಸರಿಯಾಗಿಯೇ ಹೋಯಿತು. ಮೊದಲ ಮೂಲೆಯಲ್ಲಿ ಬಲಕ್ಕೆ ತಿರುಗಿದಾಗ ಅಮ್ಮ ಮಂಚದ ಸರಳು ಹಿಡಿದುಕೊಂಡರು. ಎರಡನೇ ಮೂಲೆಯಲ್ಲಿ ವಾಂತಿ. ಹೊಟ್ಟೆಯಲ್ಲಿ ಇದ್ದದ್ದೇ ಗಂಜಿ ತಿಳಿ, ಅದೂ ಹೊರಗೆ ಬಂತು. ಹೆಡ್‌ಸೆಟ್ ತೆಗೆದಾಗ ಅವರ ಹಣೆ ತಣ್ಣಗಾಗಿತ್ತು. ಆ ದಿನ ಎಳನೀರು ಕೂಡ ನಿಲ್ಲಲಿಲ್ಲ. ಉಣ್ಣಲಿ ಎಂದು ತಂದ ಸಾಮಾನು ಅವರ ಬಾಯಿಯ ತುತ್ತನ್ನೂ ಕಸಿದುಕೊಂಡಿತ್ತು. ಮೊಕ್ತೇಸರರು ನೆಲ ಒರೆಸಲು ಬಟ್ಟೆ ತಂದರು.

"ಒಂದು ಸುತ್ತು ಕೂಡ ಆಗ್ಲಿಲ್ಲ ಅಲ್ವಾ ಮಗಾ?" ಎಂದು ಅಮ್ಮ ಕಣ್ಣು ಮುಚ್ಚಿಕೊಂಡೇ ನನ್ನನ್ನು ಕೇಳಿದರು.

ಕಾರಣ ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವುದೇ. ಕಣ್ಣು 'ನಡೆಯುತ್ತಿದ್ದೇನೆ' ಎನ್ನುತ್ತದೆ, ಒಳಕಿವಿ 'ಮಲಗಿದ್ದೇನೆ' ಎನ್ನುತ್ತದೆ, ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಅದಕ್ಕೆ ಮದ್ದುಗಳೂ ಗೊತ್ತಿರುವುದೇ. ಒಂದೊಂದಾಗಿ ಹಾಕಿ ನೋಡಿದೆವು. ಒಂದೊಂದೂ ಬಸದಿಯಲ್ಲಿ ಕೆಟ್ಟಿತು.

ಎಲ್ಲರೂ ಮಾಡುವುದು ಹಾರಿಸುವುದು. ನಡೆಯುವುದೇ ಬೇಡ, ಒಂದು ಕಡೆ ಕತ್ತಲು ಮಾಡಿ ಇನ್ನೊಂದು ಕಡೆ ಬೆಳಕು ಮಾಡುವುದು. ತಲೆಸುತ್ತು ಬರುವುದೇ ಇಲ್ಲ. ಅಮ್ಮನಿಗೂ ಬರಲಿಲ್ಲ. ಆದರೆ ಮುಗಿದ ಮೇಲೆ, "ಇದರಲ್ಲಿ ನಡೆದದ್ದು ಎಲ್ಲಿ? ನಾಲ್ಕು ಫೋಟೋ ತೋರಿಸಿದಿರಿ" ಎಂದು ಹೆಡ್‌ಸೆಟ್ ಮಗನ ಕೈಗೆ ಕೊಟ್ಟರು. ಮಗ ಇಂದ್ರರ ಕಡೆ ನೋಡಿದರು. ಇಂದ್ರರು, "ದಾರಿ ತುಂಡಾದರೆ ಸುತ್ತು ಅಂತ ಹೇಳ್ಲಿಕ್ಕೆ ಬರುದಿಲ್ಲ" ಎಂದು ನೆಲ ನೋಡಿದರು.

ಎರಡನೆಯದು, ಚಲಿಸುವಾಗ ನೋಟದ ಅಂಚನ್ನು ಕಪ್ಪಾಗಿಸುವುದು. ನಡುವಿನದಷ್ಟೇ ಕಾಣುತ್ತದೆ, ಪಕ್ಕದಲ್ಲಿ ಓಡುವುದು ಕಾಣದ ಕಾರಣ ತಲೆ ತಿರುಗುವುದು ಕಡಿಮೆ. ಇದನ್ನು ನಾನೇ ಹುರುಪಿನಿಂದ ಮಾಡಿಕೊಂಡು ಹೋದೆ. ಹೋಗಿ ತೊಡಿಸಿದ ಮೇಲೆ ನನ್ನ ತಲೆಗೆ ಹೊಳೆಯಿತು: ಪ್ರದಕ್ಷಿಣೆ ಎಂದರೆ ದೇವರನ್ನು ಬಲಕ್ಕೆ ಇಟ್ಟುಕೊಂಡು ನಡೆಯುವುದು. ದೇವರಿರುವುದೇ ಅಂಚಿನಲ್ಲಿ. ನಾನು ದೇವರನ್ನೇ ಕಪ್ಪಾಗಿಸಿದ್ದೆ! "ಬಲದ ಕಣ್ಣು ಹೋಯಿತಾ ನನ್ನದು?" ಎಂದು ಅಮ್ಮ ಗಾಬರಿಯಾದರು. ನನಗೆ ನಾಚಿಕೆಯಿಂದ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಹೊಟ್ಟೆಗೆ ಸ್ವಲ್ಪ ಏನಾದರೂ ಹಾಕಿ ನೋಡುವುದು ಒಳ್ಳೆಯದು. ಅದು ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ. ಶುಂಠಿ ಚೂರು ಬಾಯಿಗೆ ಹಾಕಿದರೆ ಓಕರಿಕೆ ನಿಲ್ಲುತ್ತದೆ ಎಂದು ನಾನು ಹೇಳಿದ್ದೇ ಮನೆಯವರೆಲ್ಲ ನನ್ನನ್ನೇ ನೋಡಿದರು. ಆ ಮನೆಯಲ್ಲಿ ಮಣ್ಣಿನ ಒಳಗೆ ಬೆಳೆದದ್ದನ್ನು ತಿನ್ನುವುದಿಲ್ಲ. ಕೊನೆಗೆ ಲಿಂಬೆಹಣ್ಣು ಮೂಸಲು ಕೊಟ್ಟೆವು, ಘಾಟಿ ಬಸ್ಸಿನಲ್ಲಿ ಮಕ್ಕಳಿಗೆ ಕೊಡುವ ಹಾಗೆ. ಮುಖಕ್ಕೆ ಟೇಬಲ್ ಫ್ಯಾನ್ ಇಟ್ಟೆವು. ಮಂಚದ ತಲೆಯನ್ನು ಡಾಕ್ಟರು ಬಿಟ್ಟಷ್ಟು ಮೇಲೆತ್ತಿ, ಒಳಗಿನ ಬಸದಿಯ ನೆಲ ಅವರ ಮೈಯ ಓರೆಗೆ ಹೊಂದುವ ಹಾಗೆ ಸ್ವಲ್ಪ ವಾಲಿಸಿದೆವು. ಕಂಬಗಳೆಲ್ಲ ಬೀಳುವ ಹಾಗೆ ಕಂಡಿತಂತೆ. ಅದನ್ನೂ ಬಿಟ್ಟೆವು.

ಇದೆಲ್ಲದರ ನಡುವೆ ಪರೀಕ್ಷೆಗೆ ಹೊಸ ಜನ ಬೇಕಿತ್ತು. ನಾವು ಇಬ್ಬರೂ ವರ್ಷಗಟ್ಟಲೆ ಇದನ್ನೇ ತಲೆಗೆ ಹಾಕಿಕೊಂಡವರು, ನಮಗೆ ಏನು ಮಾಡಿದರೂ ತಲೆ ಸುತ್ತುವುದಿಲ್ಲ. ನಮ್ಮ ಮೈಯನ್ನು ನಂಬಿದರೆ ಕೆಟ್ಟೆವು. ಒಬ್ಬರು ಒಮ್ಮೆ ನೋಡಿದ ಮೇಲೆ ಅವರಿಗೂ ಸ್ವಲ್ಪ ಅಭ್ಯಾಸ ಆಗಿಬಿಡುತ್ತದೆ. ಮೂಡುಬಿದಿರೆಯ ಹಾಸ್ಟೆಲ್ ಮಕ್ಕಳು ಮುಗಿದರು, ಬೇಕರಿಯವರು ಮುಗಿದರು. ಮೆಲ್ಕಾರಿನ ಒಂದು ಕಾಲೇಜಿನಲ್ಲಿ ನನ್ನ ಗೆಳತಿ ಪಾಠ ಮಾಡುತ್ತಾಳೆ, ಅವಳ ಸ್ಟಾಫ್ ರೂಮಿನವರನ್ನೂ ಮುಗಿಸಿದೆ. "ನೀನು ಬರುವುದು ಕಂಡರೆ ನಮ್ಮವರು ಲೈಬ್ರರಿಯಲ್ಲಿ ಅಡಗ್ತಾರೆ ಮಾರಾಯ್ತಿ" ಎಂದಳು. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸುವ ಒಬ್ಬರನ್ನು ಹಿಡಿದು ತಂದು ತೊಡಿಸಿದರೆ, ಅವರು ಎಲ್ಲ ಸುತ್ತನ್ನೂ ಆರಾಮವಾಗಿ ನೋಡಿ, "ಇದ್ರಲ್ಲಿ ತಿರುವೇ ಇಲ್ಲ ಅಲ್ವಾ ಮೇಡಂ" ಎಂದು ಹೋದರು. ಅವರಿಂದ ನಮಗೆ ಮೂರು ಕಾಸಿನ ಪ್ರಯೋಜನ ಆಗಲಿಲ್ಲ.

ಅಷ್ಟರಲ್ಲಿ ಅಮ್ಮನ ಕೆನ್ನೆ ಒಳಗೆ ಹೋಗಿತ್ತು. ನಾನು ಹೋದಾಗಲೆಲ್ಲ ಮೊಕ್ತೇಸರರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದರು, ಸುತ್ತು ಮುಗಿದರೆ ತಕ್ಷಣ ಬಡಿಸಲು. ತಟ್ಟೆ ಹಾಗೆಯೇ ಒಳಗೆ ಹೋಗುತ್ತಿತ್ತು. ಒಂದು ದಿನ ಅವರು, "ನೀವು ಬಾರದ ದಿನ ಗಂಜಿ ತಿಳಿಯಾದ್ರೂ ನಿಲ್ತದೆ" ಎಂದರು. ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆ ಮಾತನ್ನೇ ತಲೆಯಲ್ಲಿ ಹೊತ್ತುಕೊಂಡು ನಾನು ಮೂಡುಬಿದಿರೆಗೆ ಕಾರು ಓಡಿಸಿದೆ.

ಹಾಗೆ ಬರುವಾಗಲೇ ಒಂದು ಯೋಚನೆ ಬಂತು. ಘಾಟಿಯಲ್ಲಿ ಬಸ್ಸಿನಲ್ಲಿ ಕೂತರೆ ನಾನು ವಾಂತಿ ಮಾಡದೆ ಇಳಿದವಳಲ್ಲ. ನನ್ನದೇ ಕಾರು ಓಡಿಸಿದರೆ ಏನೂ ಆಗುವುದಿಲ್ಲ. ಮುಂದಿನ ತಿರುವು ಯಾವಾಗ ಎಂದು ಸ್ಟೇರಿಂಗ್ ಹಿಡಿದವರಿಗೆ ಮೊದಲೇ ಗೊತ್ತಿರುತ್ತದೆ. ನಾವು ಅಮ್ಮನನ್ನು ಇಷ್ಟು ದಿನ ಪ್ಯಾಸೆಂಜರ್ ಮಾಡಿದ್ದೆವು. ನಡೆಯುವವರು ಅವರು, ನಡೆಸುತ್ತಿದ್ದದ್ದು ಪಾಲುದಾರ.

ರಿಮೋಟಿನ ಗುಂಡಿ ಒತ್ತುವುದು ಅವರಿಗೆ ಆಗುತ್ತಿರಲಿಲ್ಲ. ಆದರೆ ಜಪದ ಮಣಿ ಬೆರಳಲ್ಲಿ ತಾನಾಗಿ ಓಡುತ್ತಿತ್ತು. ಅವರ ಹೆಬ್ಬೆರಳಿಗೆ ಒಂದು ಸಣ್ಣ ಸೆನ್ಸರ್ ಪಟ್ಟಿ ಕಟ್ಟಿ, ಒಂದು ಮಣಿ ಎಳೆದರೆ ಒಳಗೆ ಒಂದು ಹೆಜ್ಜೆ ಎಂದು ಮಾಡಿದೆವು. ಮಣಿ ನಿಂತರೆ ಕಾಲೂ ನಿಲ್ಲುತ್ತದೆ. ತಿರುಗುವುದೂ ಅವರ ಮಣಿಯಲ್ಲೇ. ಅವರು ಹಿಂದೆ ಪ್ರತಿ ಮೂಲೆಯಲ್ಲಿ ನಿಂತು ಕೈಮುಗಿಯುತ್ತಿದ್ದರಂತೆ, ಅದಕ್ಕೂ ಈಗ ಜಾಗ ಆಯಿತು.

ಅಬ್ಬ, ಆ ಬೆಳಿಗ್ಗೆ! ಅಮ್ಮ ಒಂದೊಂದೇ ಮಣಿ ಎಳೆದು ಮೊದಲ ಮೂಲೆ ದಾಟಿದರು. ಮುಖ ಕಿವುಚಿತು, ನಿಂತರು, ಉಸಿರು ಎಳೆದುಕೊಂಡರು, ಮತ್ತೆ ಹೊರಟರು. ಮೊದಲ ಸುತ್ತು ಪೂರ್ತಿ ಆಯಿತು. ಮೊಕ್ತೇಸರರು ನನ್ನ ಕೈ ಹಿಡಿದುಕೊಂಡುಬಿಟ್ಟರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿತು. ಎರಡನೇ ಸುತ್ತಿನ ಮೊದಲ ಮೂಲೆಯಲ್ಲಿ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಲ್ಲಿಗೆ ಮುಗಿಯಿತು. ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಬೇರೆ ಯಾರಿಗೂ ಈ ಕ್ರಮದಲ್ಲಿ ತಲೆ ಸುತ್ತಿರಲಿಲ್ಲ. ಇವರಿಗೆ ಯಾಕೆ?

ನನಗೂ ಪಾಲುದಾರನಿಗೂ ಜಗಳ ಹತ್ತಿಕೊಂಡದ್ದು ಆವಾಗಲೇ.

"ವಯಸ್ಸಾಯ್ತು ಮಾರಾಯ್ತಿ, ಆಗುದಿಲ್ಲ ಅಂತ ಕೈಮುಗಿದು ಬರುವ" ಎಂದ ಅವನು.

"ಕೈಮುಗಿದು ಬಂದ್ರೆ ಅವರು ಉಣ್ತಾರಾ? ನೀನು ಹೋಗಿ ಹೇಳು, ನೋಡುವ."

ಕೊನೆಗೆ ಬಸದಿಯೇ ಬೇಡ, ಬರೇ ಕಂಬಗಳಿರುವ ಒಂದು ಅಂಗಳ ಮಾಡಿ ಅಮ್ಮನಿಗೆ ಎಲ್ಲಿ ಯಾವಾಗ ಓಕರಿಕೆ ಬರುತ್ತದೆ ಎಂದು ನೋಡೋಣ ಎಂದಾಯಿತು. ಪಾಲುದಾರ ಅವಸರದಲ್ಲಿ ಬರೆದ. ಚಾವಡಿಯಲ್ಲಿ ತೊಡಿಸಿ, ನಾನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ಅಮ್ಮ ಮಣಿ ಎಳೆಯುತ್ತಾ ಒಂದು ಮೂಲೆ ದಾಟಿದರು, ಎರಡು ದಾಟಿದರು, ಸುತ್ತು ಮುಗಿಸಿದರು, ಇನ್ನೊಂದು ಸುತ್ತಿಗೆ ಹೊರಟರು. ಮುಖ ಒಂಚೂರೂ ಕಿವುಚಲಿಲ್ಲ. "ಈ ಅಂಗಳ ಯಾರದ್ದು ಮಗಾ? ತುಳಸಿಕಟ್ಟೆ ಇಲ್ವಾ?" ಎಂದು ಮಾತು ಬೇರೆ! ನನಗೆ ನಂಬಲಾಗಲಿಲ್ಲ. ಆಮೇಲೆ ಪರದೆಯನ್ನು ಸರಿಯಾಗಿ ನೋಡಿದೆ. ಅವರು ತಿರುಗುತ್ತಿದ್ದದ್ದು ಎಡಕ್ಕೆ. ಪಾಲುದಾರ ಕೋಡಿನಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟಿದ್ದ. ನಮ್ಮ ಕೆಲಸದಲ್ಲಿ ದಿನಕ್ಕೊಮ್ಮೆ ಆಗುವ ತಪ್ಪು.

ಅದನ್ನು ಸರಿ ಮಾಡಿ ಬಲಕ್ಕೆ ತಿರುಗಿಸಿದೆವು. ಎರಡನೇ ಮೂಲೆಯಲ್ಲಿ ವಾಂತಿ.

ಬಿ.ಸಿ. ರೋಡಿನ ಕಿವಿ ಡಾಕ್ಟರೊಬ್ಬರನ್ನು ಮೊಕ್ತೇಸರರು ಮನೆಗೇ ಕರೆಸಿದರು. ಅವರು ಅಮ್ಮನ ಕಣ್ಣುಗಳನ್ನು ಬಹಳ ಹೊತ್ತು ನೋಡಿದರು, ತಲೆಯನ್ನು ಮೆಲ್ಲ ಆಚೆ ಈಚೆ ತಿರುಗಿಸಿದರು. ಬಿದ್ದ ಪೆಟ್ಟಿಗೆ ಬಲಗಿವಿಯ ಒಳಗಿನ ಸಮತೋಲದ ಭಾಗ ಕೆಟ್ಟಿರಬೇಕು ಎಂದರು. ಹಾಗಾಗಿ ಬಲಕ್ಕೆ ತಿರುಗುವುದನ್ನು ಮೈ ಒಪ್ಪುವುದಿಲ್ಲ, ಎಡಕ್ಕೆ ತಕರಾರಿಲ್ಲ. ವ್ಯಾಯಾಮ ಉಂಟು, ಆದರೆ ತಿಂಗಳುಗಟ್ಟಲೆ ಬೇಕು. "ಮೊದಲು ಮೈಯಲ್ಲಿ ಶಕ್ತಿ ಬರ್ಬೇಕು. ಊಟ ಮಾಡಿಸಿ" ಎಂದು ಹೇಳಿ ಕಾರು ಹತ್ತಿದರು. ಊಟ ಮಾಡಿಸಬೇಕಂತೆ! ನಾವು ಇಷ್ಟು ದಿನ ಮಾಡುತ್ತಿದ್ದದ್ದು ಮತ್ತೆಂತ?

ಡಾಕ್ಟರರ ಕಾರು ಗೇಟು ದಾಟಿದ ಮೇಲೆ ಮೊಕ್ತೇಸರರು ನಮ್ಮಿಬ್ಬರನ್ನು ಜಗಲಿಯ ತುದಿಗೆ ಕರೆದರು. ಸ್ವರ ತಗ್ಗಿಸಿ ಕೇಳಿದರು.

"ಬಸದಿಯನ್ನು ಕನ್ನಡಿಯ ಹಾಗೆ ತಿರುಗಿಸ್ಲಿಕ್ಕೆ ಆಗ್ತದಲ್ವಾ ನಿಮಗೆ? ಎಡಕ್ಕೇ ಸುತ್ತಿಸುವ. ಮೂರ್ತಿ ನಿಂತದ್ದು, ಎರಡೂ ಕಡೆಯಿಂದ ಒಂದೇ ತರ. ಅಮ್ಮನಿಗೆ ಹೇಳುದು ಬೇಡ."

"ಅವರಿಗೆ ಗೊತ್ತಾಗ್ತದೆ. ದೇವರು ಎಡಕ್ಕೆ ಬಂದ್ರೆ ಗೊತ್ತಾಗ್ಲಿಕ್ಕಿಲ್ವಾ?" ಎಂದೆ.

"ಗೊತ್ತಾಗ್ಲಿಕ್ಕಿಲ್ಲ ಅಂತ ಇಟ್ಕೊಳ್ಳಿ. ದೃಷ್ಟಿ ಮಂದ ಉಂಟು. ಮಿಷಿನಿನಲ್ಲಿ ಹಾಗೇ ಕಾಣುದು ಅಂತ ಹೇಳುವ. ಒಂದು ತುತ್ತು ಹೋಗ್ಲಿ ಮೇಡಂ, ಆಮೇಲೆ ಪಾಪ ಎಲ್ಲ ನನ್ನ ತಲೆಗೆ ಇರ್ಲಿ. ದಮ್ಮಯ್ಯ."

ಅಷ್ಟು ದೊಡ್ಡ ಮನುಷ್ಯ ನಮ್ಮ ಮುಂದೆ ದಮ್ಮಯ್ಯ ಹಾಕಿ ಬೇಡಿಕೊಂಡರು. ಪಾಲುದಾರ, "ಮಾಡಿಕೊಡುವ, ಐದು ನಿಮಿಷದ ಕೆಲಸ" ಎಂದ. ಕೆಲಸ ಐದು ನಿಮಿಷದ್ದೇ, ನನಗೂ ಗೊತ್ತು. ಆದರೆ ನೇಮ ಹಿಡಿದವರು ಅವರು. ಇಡೀ ಜೀವಮಾನ ಒಂದು ದಿನವೂ ತಮಗೆ ತಾವೇ ಮೋಸ ಮಾಡಿಕೊಳ್ಳದವರನ್ನು ನಾನು ಮಂಚದಲ್ಲಿ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ ಮೋಸ ಮಾಡಬೇಕಿತ್ತು. ಆಗುವುದಿಲ್ಲ ಎಂದೆ. ಹೇಳಿಯೇ ಮಾಡುವ, ಡಾಕ್ಟರು ಹೇಳಿದ್ದನ್ನು ಅವರ ಮುಂದೆ ಇಡುವ, ಕಿವಿಯ ಪೆಟ್ಟಿಗೆ ಎಡಸುತ್ತೇ ಸರಿ ಎಂದು ಇಂದ್ರರೂ ಒಂದು ಮಾತು ಹೇಳಲಿ, ಅವರೇ ತೀರ್ಮಾನ ಮಾಡಲಿ. ಮೊಕ್ತೇಸರರು ಒಪ್ಪಿದರು. ಇಂದ್ರರನ್ನು ಕರೆಸಿದರು.

ನಾನೇ ಮಂಚದ ಪಕ್ಕ ಕೂತು ಹೇಳಿದೆ. ಕಿವಿಯ ಒಳಗೆ ನೀರು ತುಂಬಿದ ಸಣ್ಣ ಕೊಳವೆಗಳಿರುತ್ತವೆ, ಬಲದ್ದಕ್ಕೆ ಪೆಟ್ಟಾಗಿದೆ, ಅದಕ್ಕೇ ಹೀಗಾಗುವುದು, ಎಡಕ್ಕಾದರೆ ಮೂರು ಸುತ್ತೂ ಆಗುತ್ತದೆ ಎಂದೆ. ಇಂದ್ರರು, "ನಿಮ್ಮ ಸ್ಥಿತಿಯಲ್ಲಿ ದೋಷ ಇಲ್ಲ ಅಮ್ಮ, ಭಾವ ಶುದ್ಧ ಇದ್ದರೆ ಸಾಕು" ಎಂದರು. ಅವರ ಸ್ವರದಲ್ಲಿ ಬಲ ಇರಲಿಲ್ಲ. ಅಮ್ಮ ಎಲ್ಲವನ್ನೂ ಕೇಳಿದರು. ಸ್ವಲ್ಪ ಹೊತ್ತು ಬೆರಳಲ್ಲಿ ಮಣಿ ಓಡಿಸಿದರು.

"ಹಾಕು, ನೋಡುವ" ಎಂದರು.

ಪಾಲುದಾರ ಬಸದಿಯನ್ನು ಕನ್ನಡಿ ಮಾಡಿ ಹಾಕಿದ. ಅಮ್ಮ ಬಾಗಿಲಿಗೆ ಕೈಮುಗಿದರು, ಎಡಕ್ಕೆ ಹೊರಟರು. ಒಂದೊಂದು ಮೂಲೆಯಲ್ಲೂ ನಿಂತು ಎಡಕ್ಕೆ ಮುಖ ತಿರುಗಿಸಿ ನಮಸ್ಕಾರ ಮಾಡಿದರು. ಉಸಿರು ಏರಲಿಲ್ಲ, ಬೆವರಲಿಲ್ಲ, ಲಿಂಬೆಹಣ್ಣು ಹಾಗೇ ಮಡಿಲಲ್ಲಿ ಬಿದ್ದಿತ್ತು. ಮೂರೂ ಸುತ್ತು ಪೂರ್ತಿ ಆಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ನನ್ನ ಕೆಲಸ ಕೆಲಸವಾಗಿತ್ತು. ತಾಂತ್ರಿಕವಾಗಿ ನೋಡಿದರೆ ಅದರಲ್ಲಿ ಹೆಸರಿಡಲು ಏನೂ ಇರಲಿಲ್ಲ.

ಹೆಡ್‌ಸೆಟ್ ತೆಗೆದೆ. ಮೊಕ್ತೇಸರರು ಮಂಚದ ಮೇಲೆ ಬಗ್ಗಿದರು. "ಅಮ್ಮ, ಮೂರೂ ಆಯ್ತು! ಬಡಿಸ್ಲಿಕ್ಕೆ ಹೇಳ್ಲಾ?"

ಅಮ್ಮ ಮಗನ ಮುಖ ನೋಡಿದರು.

"ಇದು ಎಡಸುತ್ತು ಮಗಾ. ನಿನ್ನ ಅಪ್ಪನನ್ನು ಚಿತೆಯ ಮೇಲೆ ಮಲಗಿಸಿದಾಗ ಮಡಕೆ ಹೊತ್ತು ನೀನು ಬಂದದ್ದು ಇದೇ ಸುತ್ತು."

ಅಮ್ಮ ಶಾಂತವಾಗಿಯೇ ಮುಂದುವರಿಸಿದರು.

"ಬಲಕ್ಕೆ ಹೋದರೆ ಹೊಟ್ಟೆಯಲ್ಲಿ ಇದ್ದದ್ದು ನಿಲ್ಲುದಿಲ್ಲ. ಎಡಕ್ಕೆ ಹೋದರೆ ಎಷ್ಟು ಹಗುರ ಉಂಟು ಗೊತ್ತುಂಟಾ? ಇನ್ನು ಯಾವ ಕಡೆಗೆ ಹೋಗ್ಬೇಕು ಅಂತ ನನಗೆ ಗೊತ್ತಾಗ್ತಾ ಇರ್ಲಿಲ್ಲ. ಈಗ ಗೊತ್ತಾಯ್ತು."

"ಅಮ್ಮ, ಅದು ಕಿವಿ!" ಎಂದು ನಾನು ಕಿರುಚಿಯೇಬಿಟ್ಟೆ. "ಬರೇ ಕಿವಿ! ಬಿದ್ದು ಪೆಟ್ಟಾದದ್ದು! ಅದಕ್ಕೆ ಬೇರೆ ಅರ್ಥ ಎಂತದೂ ಇಲ್ಲ!"

"ಆಗ್ಲಿ. ಕಿವಿಯೇ ಹೇಳಿದ್ದು ಅಂತ ಇಟ್ಕೊಳ್ಳುವ" ಎಂದು ನನ್ನ ಕೈಯ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಒಂದು ಹಕ್ಕಿಯಷ್ಟೂ ಭಾರ ಇರಲಿಲ್ಲ. ಆ ದಿನದಿಂದ ಗಂಜಿ ತಿಳಿಯನ್ನೂ ಬಿಟ್ಟರು.

ನಾನು ಆಫೀಸಿಗೆ ಬಂದು ಹುಚ್ಚಿಯ ಹಾಗೆ ಕೆಲಸ ಮಾಡಿದೆ. ಬಲಕ್ಕೇ ತಿರುಗಬೇಕು, ವಾಂತಿ ಬರಬಾರದು. ಮೂಲೆಯನ್ನು ಮೂಲೆಯೇ ಅಲ್ಲದ ಹಾಗೆ ಉದ್ದಕ್ಕೆ ಎಳೆದೆ. ಒಂದು ಮೂಲೆ ತಿರುಗಲು ಜಪಮಾಲೆ ಇಡೀ ಒಂದು ಸಲ ಸುತ್ತಬೇಕು, ಅಷ್ಟು ನಿಧಾನ ಮಾಡಿದೆ. ಎದುರಿಗೆ ಅಲುಗಾಡದ ಹಾಗೆ ಒಂದು ದೀಪ ಇಟ್ಟೆ, ಕಣ್ಣು ಅದನ್ನೇ ಹಿಡಿದುಕೊಳ್ಳಲಿ ಎಂದು. ಪಾಲುದಾರ ಮೊದಲೆರಡು ದಿನ ಜೊತೆಗೆ ಕೂತ, ಆಮೇಲೆ ಕುರ್ಚಿ ಹಿಂದೆ ಸರಿಸಿದ.

"ಬಿಡು ಮಾರಾಯ್ತಿ. ಮೊಕ್ತೇಸರರು ಹೇಳಿದ ಹಾಗೆ ಅಮ್ಮನಿಗೆ ಹೇಳದೆ ಮಾಡಿಕೊಟ್ಟಿದ್ದರೆ ಈಗ ಉಣ್ತಿದ್ರೋ ಏನೋ."

ಅವನ ಮೇಲೆ ಎರಗಿ ಬೀಳುವಷ್ಟು ಸಿಟ್ಟು ಬಂತು. ಉಣ್ಣುತ್ತಿದ್ದರಾ? ಮೊದಲ ಮೂಲೆಯಲ್ಲೇ ಗೊತ್ತಾಗಿ ಮಗನ ಮುಖ ನೋಡುವುದನ್ನೂ ಬಿಡುತ್ತಿದ್ದರಾ? ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಇವತ್ತಿಗೂ ಆ ಮಾತು ಎತ್ತಿದರೆ ನಾವಿಬ್ಬರೂ ಜಗಳ ಆಡುತ್ತೇವೆ, ಮತ್ತೆ ಚಹಾ ಕುಡಿದು ಸುಮ್ಮನಾಗುತ್ತೇವೆ.

ಹೊಸದು ತಯಾರಾದ ದಿನ ನಾನೊಬ್ಬಳೇ ಹೋದೆ. ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ ದಾಟುವಾಗಲೆಲ್ಲ ಬಾಯಲ್ಲಿ ಒಂದೇ ಮಾತು, ಒಂದು ಸಲ ನೋಡಿ ಅಮ್ಮ, ಒಂದೇ ಸಲ. ಚಾವಡಿಯಲ್ಲಿ ಇಂದ್ರರು ಕೂತು ಮೆಲ್ಲಗೆ ಮಂತ್ರ ಹೇಳುತ್ತಿದ್ದರು. ಮೊಕ್ತೇಸರರು ಎದ್ದು ಬಂದು, "ಇನ್ನು ಅದು ಬೇಡ ಮೇಡಂ, ಅಮ್ಮ ಸಲ್ಲೇಖನ ಹಿಡಿದಾಯ್ತು" ಎಂದರು. ಅವರ ಗಡ್ಡ ಬೆಳೆದಿತ್ತು. ನಾನು ಕೇಳಲಿಲ್ಲ, ಬ್ಯಾಗ್ ಹಿಡಿದುಕೊಂಡೇ ಮಂಚದ ಹತ್ತಿರ ಹೋದೆ.

ಅಮ್ಮನ ತುಟಿ ಒಣಗಿತ್ತು. ಕಣ್ಣು ಮಾತ್ರ ಸ್ಪಷ್ಟ ಇತ್ತು. "ಬಂದೆಯಾ" ಎಂದರು.

"ಅಮ್ಮ, ಬಲಕ್ಕೇ ಮಾಡಿದ್ದೇನೆ. ತುಂಬ ನಿಧಾನ. ಈ ಸಲ ಆಗ್ತದೆ. ಒಂದೇ ಒಂದು ಮೂಲೆ ನೋಡಿ, ಸಾಕು."

ಅವರು ಬೆರಳು ಎತ್ತಿ ಬೇಡ ಎಂದು ಆಡಿಸಿದರು. ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಉಂಡಿದ್ದೀಯಾ?"

ಇಲ್ಲ ಎಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದು ಅಲ್ಲಿಯ ತನಕ ನನಗೆ ಗೊತ್ತೂ ಆಗಿರಲಿಲ್ಲ.

ಅಮ್ಮ ಅಡುಗೆಮನೆಯ ಕಡೆ ತಲೆ ತಿರುಗಿಸಿದರು. "ಇವಳಿಗೆ ಬಡಿಸಿ. ಸೂರ್ಯ ಇಳಿಯುದಕ್ಕೆ ಮೊದಲು. ಇಲ್ಲೇ ಹಾಕಿ, ನನಗೆ ಕಾಣುವ ಹಾಗೆ."

ಬೇಡ ಎಂದು ಹೇಳಲು ಬಾಯಿ ತೆರೆದೆ, ಮೊಕ್ತೇಸರರ ಹೆಂಡತಿ ನನ್ನ ಭುಜ ಒತ್ತಿ ಕೂರಿಸಿದರು. ಮಂಚದ ಪಕ್ಕ ನೆಲದ ಮೇಲೆ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಮಜ್ಜಿಗೆ. ಮೊದಲ ತುತ್ತು ಕಲಸಿದೆ. ಕಣ್ಣೀರು ಅನ್ನದ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಎಂಜಲಾಗಿತ್ತು.

"ನಿಧಾನ" ಎಂದರು ಅಮ್ಮ. "ಹುಳಿ ಇನ್ನೊಂದು ಸ್ವಲ್ಪ ಹಾಕಿ ಅವಳಿಗೆ."

ಹಾಕಿದರು. ಉಂಡೆ. ನಾನು ಎಲೆ ಖಾಲಿ ಮಾಡಿ ಮಡಚುವ ತನಕ ಅವರು ನನ್ನಿಂದ ಕಣ್ಣು ತೆಗೆಯಲಿಲ್ಲ.